ಮರುಬಳಕೆ ಲೋಹದ ಯೆಹೂದಿ ಆಚರಣಾ ಕಲೆ

ಮರುಬಳಕೆ ಲೋಹದ ಯೆಹೂದಿ ಆಚರಣಾ ಕಲೆ ಎಂಬುದು ಯೆಹೂದ್ಯರು ಮನೆಯಲ್ಲಿ ಹಾಗೂ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ನಡೆಸುವ ವಿಧಿಗಳಿಗೆ ಬೇಕಾದ ದೀಪ, ಬಟ್ಟಲು, ತೋರಾ ಎಂಬ ಧರ್ಮಗ್ರಂಥದ ಸುರುಳಿಯ ಒಡವೆ ಮೊದಲಾದವನ್ನು, ಒಮ್ಮೆ ಬೇರೆ ಕೆಲಸಕ್ಕೆ ಬಂದಿದ್ದ ಲೋಹದಿಂದ ಕೈಯಾರೆ ತಯಾರಿಸುವ ಕರಕುಶಲ ಶಾಖೆ. ಇಂಥ ವಿಧಿಸಾಮಗ್ರಿಗಳನ್ನು ಒಟ್ಟಾಗಿ ಜುಡೈಕಾ ಎನ್ನುತ್ತಾರೆ. ಹಳೆಯ ನಾಣ್ಯ, ಮುರಿದ ಒಡವೆ, ಬೆಳ್ಳಿ ಚಮಚ, ತಾಮ್ರದ ಕೊಳವೆ, ತಗಡಿನ ಡಬ್ಬ, ಫಿರಂಗಿ ಗುಂಡಿನ ಹಿತ್ತಾಳೆ ಕವಚ, ಸೈಕಲ್ ಚೈನು ಇವೆಲ್ಲ ಇದರ ಕಚ್ಚಾವಸ್ತುಗಳು.

ಮರುಬಳಕೆಯಲ್ಲಿ ಎರಡು ಬಗೆ. ಹಳೆಯ ಲೋಹವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ಯುವುದು ಅಥವಾ ತಗಡು ಮಾಡಿಕೊಳ್ಳುವುದನ್ನು ಈ ಲೇಖನದಲ್ಲಿ ‘ಕರಗು ಮರುಬಳಕೆ’ ಎಂದು ಕರೆಯಲಾಗಿದೆ. ಹಳೆಯ ವಸ್ತುವಿನ ಗುರುತು ಉಳಿಯುವಂತೆ ಅದನ್ನು ಕತ್ತರಿಸಿ, ಬಗ್ಗಿಸಿ, ಬೆಸೆದು ಹೊಸ ಬಳಕೆಗೆ ಒಗ್ಗಿಸುವುದು ‘ರೂಪ ಮರುಬಳಕೆ’. ಮೊದಲನೆಯದರಲ್ಲಿ ಲೋಹದ ಹಿಂದಿನ ಕಥೆ ಕಣ್ಣಿಗೆ ಕಾಣುವುದಿಲ್ಲ. ದಾಖಲೆ ಇದ್ದರೆ ಮಾತ್ರ ತಿಳಿಯುತ್ತದೆ. ಬೆಳ್ಳಿಯ ವಿಷಯದಲ್ಲಂತೂ ಅಕ್ಕಸಾಲಿಗರು ಎಲ್ಲ ಕಾಲದಲ್ಲೂ ಹಳೆ ಬೆಳ್ಳಿ ಕರಗಿಸಿ ಕೆಲಸ ಮಾಡಿಕೊಂಡು ಬಂದವರೇ. ಹಾಗಾಗಿ ಇಂದಿನ ಅಂಗಡಿಗಳ ‘ಮರುಬಳಕೆ ಬೆಳ್ಳಿ’ ಎಂಬ ಹಣೆಪಟ್ಟಿ ಒಂದು ವಸ್ತುವಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಧಾರ್ಮಿಕ ನೆಲೆ

ವಿಧಿಯನ್ನು ಬರಿದೆ ಮುಗಿಸದೆ ಅಂದವಾಗಿ ನೆರವೇರಿಸಬೇಕು ಎಂಬ ತತ್ವಕ್ಕೆ ಹಿದ್ದೂರ್ ಮಿತ್ಸ್ವಾ ಎಂದು ಹೆಸರು. ವಿಮೋಚನಕಾಂಡದ 15ನೆಯ ಅಧ್ಯಾಯದ ಒಂದು ವಚನವನ್ನು ವ್ಯಾಖ್ಯಾನಿಸುತ್ತ, ಯೆಹೂದಿ ಧರ್ಮಪಂಡಿತರ ಚರ್ಚೆಗಳ ಸಂಕಲನವಾದ ಬ್ಯಾಬಿಲೋನಿನ ತಾಲ್ಮೂದ್ ಈ ತತ್ವವನ್ನು ಹೇಳುತ್ತದೆ. ಅಂದದ ಷೋಫರ್ ಕೊಂಬು, ಅಂದದ ತೋರಾ ಸುರುಳಿ ಅಲ್ಲಿ ಬರುವ ಉದಾಹರಣೆಗಳು. ಅಂದ ಇರಬೇಕು ಎನ್ನುತ್ತದೆಯೇ ಹೊರತು ಲೋಹ ಹೊಸದಾಗಿರಬೇಕು ಎಂಬ ಷರತ್ತು ಅಲ್ಲಿಲ್ಲ.

ಧರ್ಮಗ್ರಂಥದಲ್ಲೇ ಲೋಹದ ಮರುಬಳಕೆಯ ಪ್ರಸಂಗಗಳಿವೆ. ಮರುಭೂಮಿಯ ದೇವದರ್ಶನದ ಗುಡಾರಕ್ಕೆ ಬೇಕಾದ ತಾಮ್ರದ ಬೋಗುಣಿಯನ್ನು ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ದರ್ಪಣಗಳಿಂದ ಮಾಡಲಾಯಿತು ಎಂದು ವಿಮೋಚನಕಾಂಡ ಹೇಳುತ್ತದೆ. ಆ ಕೆಲಸದ ಹೊಣೆ ಹೊತ್ತವನು ಯೂದ ಕುಲದ ಬೆಚಲೇಲ. ಅರಣ್ಯಕಾಂಡದಲ್ಲಿ ಕೋರಹನ ಜೊತೆ ದಂಗೆಯೆದ್ದು ಸತ್ತ 250 ಮಂದಿಯ ಧೂಪಾರತಿಗಳನ್ನು ತಗಡಾಗಿ ಬಡಿದು ಯಜ್ಞವೇದಿಗೆ ಹೊದಿಸಿದರೆಂಬ ಉಲ್ಲೇಖವಿದೆ. ಚಿನ್ನದ ಕರುವಿನ ಕಥೆ ಇದಕ್ಕೆ ಎದುರು ದಿಕ್ಕಿನದು. ಜನ ಕಿವಿಯ ಓಲೆಗಳನ್ನು ಬಿಚ್ಚಿ ಕೊಟ್ಟದ್ದೇ ಅಲ್ಲಿ ವಿಗ್ರಹವಾಯಿತು.

ರಬ್ಬಿಗಳು ಎಂಬ ಧರ್ಮಪಂಡಿತರ ಶಾಸ್ತ್ರ ಈ ವಿಷಯಕ್ಕೆ ಹಲವು ಕಡೆ ಬರುತ್ತದೆ. ಪವಿತ್ರತೆಯಲ್ಲಿ ವಸ್ತುವನ್ನು ಏರಿಸಬಹುದು, ಇಳಿಸಬಾರದು ಎಂಬುದು ಮೂಲ ನಿಯಮ. ತಾಲ್ಮೂದಿಗೆ ಆಧಾರವಾದ ಸಂಹಿತೆ ಮಿಷ್ನಾದ ಮೆಗಿಲ್ಲಾ ಭಾಗ ಇದನ್ನು ಮೆಟ್ಟಿಲುಗಳಾಗಿ ಬಿಡಿಸಿ ಹೇಳುತ್ತದೆ: ಊರ ಚೌಕವನ್ನು ಮಾರಿದ ಹಣದಲ್ಲಿ ಸಿನಗಾಗ್ ಕೊಳ್ಳಬಹುದು, ಸಿನಗಾಗ್ ಮಾರಿದ ಹಣದಲ್ಲಿ ತೋರಾ ಪೆಟ್ಟಿಗೆ, ಪೆಟ್ಟಿಗೆ ಮಾರಿದರೆ ಸುರುಳಿಯ ಹೊದಿಕೆ, ಅದನ್ನು ಮಾರಿದರೆ ಧರ್ಮಗ್ರಂಥಗಳು, ಅವುಗಳಿಂದ ತೋರಾ ಸುರುಳಿ, ಹಿಂದಕ್ಕೆ ಬರುವಂತಿಲ್ಲ. ಮನೆಯ ಬೆಳ್ಳಿ ಬಟ್ಟಲು ತೋರಾ ಕಿರೀಟವಾಗಬಹುದು. ತೋರಾ ಕಿರೀಟ ಮನೆಯ ಬಟ್ಟಲಾಗುವಂತಿಲ್ಲ.

ಇನ್ನೊಂದು ವಿಂಗಡಣೆಯೂ ಇದೆ. ಷೋಫರ್‌ನಂತೆ ಆಚರಣೆಗಷ್ಟೇ ಬೇಕಾದ ವಸ್ತುಗಳನ್ನು ಬಳಸಿ ಮುಗಿದ ಮೇಲೆ ಎಸೆಯಬಹುದು. ಬಾಗಿಲಿಗೆ ಹಚ್ಚುವ ಮೆಝುಝಾ ಬರಹದ ಸಂಪುಟ, ತೋರಾ ಹೊದಿಕೆಗಳಂತೆ ಪವಿತ್ರ ಲಿಖಿತವನ್ನು ಹೊತ್ತವನ್ನು ಎಸೆಯದೆ ಗೆನಿಝಾ ಎಂಬ ಕಾಪಿಡುವ ಜಾಗಕ್ಕೆ ಒಯ್ಯಬೇಕು. ಹನುಕ್ಕಾ ಹಬ್ಬದ ದೀಪ ಮೊದಲ ಗುಂಪಿನದು. ಮುರಿದ ಹನುಕ್ಕಾ ದೀಪಗಳು ನಿರಾತಂಕವಾಗಿ ಕುಲುಮೆ ಸೇರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಅದರ ಜೊತೆಗೆ, ಒಂದು ವಿಧಿಗೆ ಬಳಕೆಯಾದದ್ದನ್ನು ಇನ್ನೊಂದು ವಿಧಿಗೂ ಬಳಸುವುದು ಒಳ್ಳೆಯದು ಎಂಬ ತಾಲ್ಮೂದಿನ ಮಾತು ಮರುಬಳಕೆಗೆ ನೇರ ಒತ್ತಾಸೆ ಕೊಡುತ್ತದೆ.

ಲೋಹದ ಹಿಂದಿನ ಬಳಕೆಗೂ ಮಿತಿಗಳಿವೆ. ವಿಗ್ರಹಗಳ ಮೇಲಿನ ಬೆಳ್ಳಿ ಬಂಗಾರವನ್ನು ಧರ್ಮೋಪದೇಶಕಾಂಡ ನಿಷೇಧಿಸುತ್ತದೆ. ಸೂರ್ಯ, ಚಂದ್ರ ಅಥವಾ ಘಟಸರ್ಪದ ಚಿತ್ರವಿರುವ ಪಾತ್ರೆ ಸಿಕ್ಕರೆ ಅದನ್ನು ಉಪ್ಪಿನ ಸಮುದ್ರಕ್ಕೆ ಎಸೆಯಬೇಕು ಎಂದು ಮಿಷ್ನಾ ವಿಧಿಸುತ್ತದೆ. ಕಬ್ಬಿಣದ ಕುರಿತು ವಿಶೇಷ ಹಿಂಜರಿಕೆಯಿದೆ. ಯಜ್ಞವೇದಿ ಆಯುಷ್ಯವನ್ನು ಬೆಳೆಸುವಂಥದು, ಕಬ್ಬಿಣ ಆಯುಷ್ಯವನ್ನು ಕತ್ತರಿಸುವಂಥದು, ಆದ್ದರಿಂದ ವೇದಿಯ ಕಲ್ಲಿಗೆ ಕಬ್ಬಿಣ ತಾಗಬಾರದು ಎಂಬುದು ಮಿಷ್ನಾದ ವಿವರಣೆ. ಊಟದ ನಂತರದ ಪ್ರಾರ್ಥನೆಗೆ ಮುನ್ನ ಮೇಜಿನ ಮೇಲಿನ ಚಾಕುವನ್ನು ಮುಚ್ಚುವ ರೂಢಿಯನ್ನೂ ಇದಕ್ಕೇ ಜೋಡಿಸುತ್ತಾರೆ. ಆಯುಧದ ಲೋಹದಿಂದ ವಿಧಿಸಾಮಗ್ರಿ ಮಾಡುವವರು ಇದಕ್ಕೆ ಎದುರಾಗಿ ಯೆಶಾಯನ ಪ್ರವಾದನೆಯನ್ನು ಮುಂದಿಡುತ್ತಾರೆ. ಕತ್ತಿಗಳನ್ನು ಗುಳಗಳನ್ನಾಗಿ ಬಡಿಯುವ ಕಾಲದ ಮಾತು ಅಲ್ಲಿ ಬರುತ್ತದೆ.

ಇತಿಹಾಸ

ಕ್ರಿ.ಪೂ. 164ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಮರುಪ್ರತಿಷ್ಠೆ ಮಾಡಿದ ಹಸ್ಮೋನಿಯ ಮನೆತನದವರಿಗೆ ಚಿನ್ನದ ದೀಪಸ್ತಂಭ ಮಾಡಿಸುವ ಶಕ್ತಿ ಇರಲಿಲ್ಲವೆಂದು ತಾಲ್ಮೂದ್ ಹೇಳುತ್ತದೆ. ಅವರು ಕಬ್ಬಿಣದ ಸಲಾಕೆಗಳಿಗೆ ತವರ ಹೊದಿಸಿ ದೀಪಸ್ತಂಭ ನಿಲ್ಲಿಸಿದರು. ಕೈ ಸ್ವಲ್ಪ ನೆಟ್ಟಗಾದ ಮೇಲೆ ಬೆಳ್ಳಿಯದು, ಇನ್ನೂ ಅನುಕೂಲವಾದ ಮೇಲೆ ಚಿನ್ನದ್ದು ಮಾಡಿಸಿದರು. ಇದು ಘಟನೆಯಾಗಿ ಶತಮಾನಗಳ ನಂತರ ಸಂಕಲನವಾದ ಹೇಳಿಕೆ, ಪುರಾತತ್ವದ ಸಾಕ್ಷ್ಯವಲ್ಲ. ಆದರೂ ಆ ಮರುಪ್ರತಿಷ್ಠೆಯನ್ನು ನೆನೆಯುವ ಹನುಕ್ಕಾ ಹಬ್ಬದ ಮೂಲದಲ್ಲೇ ಕೈಗೆ ಸಿಕ್ಕ ಲೋಹದ ದೀಪವಿದೆ ಎಂಬುದನ್ನು ಇಂದಿನ ಕುಶಲಕರ್ಮಿಗಳು ಮರೆಯುವುದಿಲ್ಲ.

ಮಧ್ಯಯುಗದ ಯುರೋಪಿನ ಹೆಚ್ಚಿನ ಪಟ್ಟಣಗಳಲ್ಲಿ ಕುಶಲಕರ್ಮಿಗಳ ಸಂಘಗಳು ಯೆಹೂದ್ಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಆಗ್ಸ್‌ಬರ್ಗ್, ನ್ಯೂರೆಂಬರ್ಗ್, ಫ್ರಾಂಕ್‌ಫರ್ಟ್‌ಗಳ ಕ್ರೈಸ್ತ ಬೆಳ್ಳಿ ಕೆಲಸಗಾರರೇ ಯೆಹೂದ್ಯರ ತೋರಾ ಒಡವೆಗಳನ್ನೂ ಮಾಡಿಕೊಟ್ಟರು. ಕುಡಿಯಲೆಂದೇ ಮಾಡಿದ ಸಾಧಾರಣ ಬಟ್ಟಲನ್ನು ಕೊಂಡು, ಅದರ ಮೇಲೆ ಹೀಬ್ರೂ ಅಕ್ಷರ ಕೊರೆಸಿ ಕಿದ್ದುಷ್ ಪ್ರಾರ್ಥನೆಯ ಬಟ್ಟಲಾಗಿಸಿಕೊಳ್ಳುವ ರೂಢಿಯೂ ಇತ್ತು. ಮರುಬಳಕೆಯ ಅತ್ಯಂತ ಸರಳ ರೂಪವೆಂದರೆ ಇದೇ. ಪೂರ್ವ ಯುರೋಪ್, ಉತ್ತರ ಆಫ್ರಿಕಾ ಮತ್ತು ಯೆಮನ್‌ಗಳಲ್ಲಿ ಯೆಹೂದ್ಯರು ತಾವೇ ಲೋಹದ ಕೆಲಸ ಮಾಡುತ್ತಿದ್ದರು.

ಲೋಹವಸ್ತುಗಳು ಧರ್ಮದಿಂದ ಧರ್ಮಕ್ಕೂ ದಾಟಿವೆ. ತೋರಾ ಸುರುಳಿಯ ಕೋಲುಗಳಿಗೆ ತೊಡಿಸುವ, ಇಂದಿಗೂ ಉಳಿದಿರುವ ಶಿಖರಭೂಷಣಗಳಲ್ಲಿ ಅತಿ ಹಳೆಯದೆನ್ನಲಾದ ಜೋಡಿ 15ನೆಯ ಶತಮಾನದಲ್ಲಿ ಸಿಸಿಲಿಯ ಕಮ್ಮರಾತಾದ ಸಿನಗಾಗ್‌ನಲ್ಲಿತ್ತು. ಅದು ಈಗ ಸ್ಪೇನಿನ ಪಾಲ್ಮಾ ದ ಮಯೋರ್ಕಾ ಕ್ಯಾಥೆಡ್ರಲ್‌ನ ಭಂಡಾರದಲ್ಲಿದೆ. ಕ್ಯಾಥೆಡ್ರಲ್‌ನವರು ಅದನ್ನು ಮೆರವಣಿಗೆಯ ಕೋಲುಗಳ ತುದಿಗೆ ಬಳಸಿದರು.

ಆಟೋಮನ್ ಸಾಮ್ರಾಜ್ಯದ ಉದಾಹರಣೆಗಳು ಇನ್ನೂ ಕುತೂಹಲಕರ. ಅಲ್ಲಿ ಮನೆಯ ಬೆಳ್ಳಿ ಸಾಮಾನನ್ನು ಸಿನಗಾಗ್‌ಗೆ ದಾನ ಮಾಡುವ ಪದ್ಧತಿ ಗಟ್ಟಿಯಾಗಿತ್ತು. ಸುರುಳಿಯ ಮುಂದೆ ತೂಗುಹಾಕುವ ತುರ್ಕಿಯ ಕೆಲವು ತೋರಾ ಫಲಕಗಳು ನಿಜಕ್ಕೂ ಕೈಗನ್ನಡಿಯ ಬೆನ್ನಿನ ಉಬ್ಬುಚಿತ್ತಾರದ ಬೆಳ್ಳಿ ತಗಡುಗಳು. ಹೂಬುಟ್ಟಿ, ಬಳ್ಳಿಗಳ ನಡುವೆ ಜಾಗ ಮಾಡಿಕೊಂಡು ದಾನಿಯ ಹೆಸರು ಕೊರೆದು, ಮೇಲೆ ಸರಪಣಿ ಸಿಕ್ಕಿಸಿದ್ದಾರೆ. ಸೊಂಟಪಟ್ಟಿಯ ಬಿಲ್ಲೆಗಳೂ ಹೀಗೆಯೇ ಫಲಕಗಳಾದವು. ಗುಡಾರದ ಬೋಗುಣಿಗೆ ದರ್ಪಣ ಕೊಟ್ಟವರ ಪ್ರಸಂಗ ದಾನಿಗಳಿಗೆ ಗೊತ್ತಿದ್ದಿರಬೇಕು.

ಯೆಮನ್‌ನಲ್ಲಿ ಬೆಳ್ಳಿಯ ಗಣಿಯಂತಿದ್ದದ್ದು ನಾಣ್ಯ. ಆಸ್ಟ್ರಿಯಾದ ಮರಿಯಾ ಥೆರೇಸಾ ಥಾಲರ್ ನಾಣ್ಯ ಸುಮಾರು 28 ಗ್ರಾಂ ತೂಗುತ್ತಿತ್ತು. ಅದರಲ್ಲಿ ಬೆಳ್ಳಿಯ ಪಾಲು ಶೇ 83ಕ್ಕೆ ಸ್ವಲ್ಪ ಹೆಚ್ಚು. ರಾಣಿ ಸತ್ತ 1780ರ ಇಸವಿಯನ್ನೇ ಹೊತ್ತು ಮುಂದಿನ ಕಾಲದಲ್ಲೂ ಟಂಕಿಸಲಾದ ಈ ನಾಣ್ಯ ಕೆಂಪು ಸಮುದ್ರದ ಸುತ್ತ ಸಲೀಸಾಗಿ ಓಡಾಡುತ್ತಿತ್ತು. ಯೆಹೂದಿ ಅಕ್ಕಸಾಲಿಗರು ಅದನ್ನು ಕರಗಿಸಿ, ತಂತಿ ಎಳೆದು, ತಂತಿಕುಸುರಿ ಮತ್ತು ರವೆಗುಂಡುಗಳ ಒಡವೆ ಮಾಡುತ್ತಿದ್ದರು. ಅವರ ಗಿರಾಕಿಗಳಲ್ಲಿ ಮುಸ್ಲಿಮರೇ ಬಹಳ ಮಂದಿ. 1906ರಲ್ಲಿ ಬೋರಿಸ್ ಷಾಟ್ಸ್ ಯೆರೂಸಲೇಮಿನಲ್ಲಿ ಬೆಚಲೇಲನ ಹೆಸರಿನ ಬೆಝಲೆಲ್ ಕಲಾಶಾಲೆ ತೆರೆದಾಗ, ಆ ಊರಿಗೆ ವಲಸೆ ಬಂದಿದ್ದ ಯೆಮನ್ ಕುಸುರಿಗಾರರು ಅದರ ಬೆಳ್ಳಿ ವಿಭಾಗದ ಬೆನ್ನೆಲುಬಾದರು.

ಹಸೀದಿ ಪಂಥದಲ್ಲಿ ನಾಣ್ಯಕ್ಕೆ ಬೇರೆಯೇ ಬೆಲೆ. ಗುರುವಾದ ರೆಬ್ಬೆ ಹರಸಿ ಕೊಟ್ಟ ಬೆಳ್ಳಿ ನಾಣ್ಯಗಳನ್ನು ಖರ್ಚು ಮಾಡದೆ ಕೂಡಿಟ್ಟು, ಕರಗಿಸಿ ಕಿದ್ದುಷ್ ಬಟ್ಟಲು ಮಾಡಿಸುತ್ತಿದ್ದರು. ಇಲ್ಲಿ ಲೋಹ ಕರಗಿದರೂ ಹರಕೆ ಕರಗುವುದಿಲ್ಲ ಎಂಬುದು ನಂಬಿಕೆ.

ವಿಧಿಸಾಮಗ್ರಿಯೇ ಕುಲುಮೆಗೆ ಹೋದ ಅಧ್ಯಾಯಗಳೂ ಈ ಇತಿಹಾಸದಲ್ಲಿವೆ. ನೆಪೋಲಿಯನ್ ಯುದ್ಧಗಳ ಖರ್ಚಿಗಾಗಿ ಆಸ್ಟ್ರಿಯಾ ಸಾಮ್ರಾಜ್ಯ 1806–07ರಲ್ಲಿ ಬೆಳ್ಳಿ ಸಾಮಾನಿಗೆ ಮರುಮುದ್ರೆಯನ್ನು ಕಡ್ಡಾಯ ಮಾಡಿತು. 1809–10ರಲ್ಲಿ ಬೆಳ್ಳಿಯನ್ನು ಒಪ್ಪಿಸಿ, ಇಲ್ಲವೇ ತೆರಿಗೆ ಕಟ್ಟಿ ಬಿಡಿಸಿಕೊಳ್ಳಿ ಎಂದಿತು. ಮಧ್ಯ ಯುರೋಪಿನ ಅನೇಕ ತೋರಾ ಒಡವೆಗಳ ಮೇಲೆ ಆ ತೆರಿಗೆ ಮುದ್ರೆಗಳು ಇಂದಿಗೂ ಇವೆ. ನಾಜಿ ಜರ್ಮನಿ 1939ರ ಫೆಬ್ರವರಿ 21ರಂದು ಯೆಹೂದ್ಯರ ಚಿನ್ನ, ಬೆಳ್ಳಿ, ರತ್ನಗಳನ್ನು ಸರ್ಕಾರಿ ಗಿರವಿ ಕಚೇರಿಗಳಿಗೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಅದರಲ್ಲಿ ಬಹುಪಾಲು ಕರಗಿಹೋಯಿತು. ಎರಡನೆಯ ಮಹಾಯುದ್ಧದ ನಂತರ, ಸಾಲೋ ಬ್ಯಾರನ್ ನೇತೃತ್ವದಲ್ಲಿ ಹಾನಾ ಆರೆಂಟ್ ಕಾರ್ಯದರ್ಶಿಯಾಗಿದ್ದ ಜ್ಯೂಯಿಷ್ ಕಲ್ಚರಲ್ ರಿಕನ್‌ಸ್ಟ್ರಕ್ಷನ್ ಸಂಸ್ಥೆ, ವಾರಸುದಾರರಿಲ್ಲದ ವಿಧಿಸಾಮಗ್ರಿಗಳನ್ನು ಇಸ್ರೇಲ್, ಅಮೆರಿಕ ಮೊದಲಾದ ದೇಶಗಳ ಸಂಗ್ರಹಾಲಯಗಳಿಗೂ ಸಿನಗಾಗ್‌ಗಳಿಗೂ ಹಂಚಿತು. ರಿಪೇರಿಗೆ ಮೀರಿದ ಬೆಳ್ಳಿ ಚೂರುಗಳನ್ನು ಇಂಗ್ಲೆಂಡಿನ ಷೆಫೀಲ್ಡ್‌ಗೆ ಕಳಿಸಿ ಕರಗಿಸಲಾಯಿತು.

ಮೊದಲ ಮಹಾಯುದ್ಧ ಹಿತ್ತಾಳೆಯ ಗುಂಡಿನ ಕವಚಗಳನ್ನು ರಾಶಿ ರಾಶಿಯಾಗಿ ಬಿಟ್ಟುಹೋಯಿತು. ಸೈನಿಕರೂ ಕುಶಲಕರ್ಮಿಗಳೂ ಅವನ್ನು ಹೂದಾನಿ, ಬಟ್ಟಲು, ದೀಪಗಳಾಗಿ ಕೆತ್ತಿದರು. ಕಂದಕ ಕಲೆ ಎಂದು ಹೆಸರಾದ ಈ ಬಗೆಯಲ್ಲಿ ಹನುಕ್ಕಾ ದೀಪಗಳೂ ಇವೆ. ಇಸ್ರೇಲ್ ಸ್ಥಾಪನೆಯಾದ 1948ರ ನಂತರದ ಯುದ್ಧಗಳ ಖಾಲಿ ತೋಟಾಗಳಿಂದಲೂ ಇಂಥವು ತಯಾರಾದವು. ಉತ್ತರ ಆಫ್ರಿಕಾದ ಬಡ ಮನೆಗಳಲ್ಲಿ ತಗಡಿನ ಡಬ್ಬ ಕತ್ತರಿಸಿ ಮಾಡಿದ ದೀಪಗಳು ಯುದ್ಧದ ಫಲವಲ್ಲ, ಬಡತನದ ಫಲ. ಸಂಗ್ರಹಕಾರರ ಗಮನ ಅವುಗಳ ಮೇಲೆ ಬಿದ್ದದ್ದು ತಡವಾಗಿ.

ಲೋಹಗಳು ಮತ್ತು ತಯಾರಿಕೆ

ಗುಜರಿ ಲೋಹದ ಕೆಲಸ ಬೇರ್ಪಡಿಸುವುದರಿಂದ ಶುರುವಾಗುತ್ತದೆ. ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1,085ರಲ್ಲಿ, ಅಲ್ಯೂಮಿನಿಯಂ 660ರಲ್ಲಿ ಕರಗುತ್ತವೆ. ತವರಕ್ಕೆ 232 ಸಾಕು. ಹಳೆ ಬೆಸುಗೆಯಲ್ಲಿ ಉಳಿದ ಸೀಸ ಬೆಳ್ಳಿಯ ಮೂಸೆಗೆ ಸೇರಿದರೆ ಇಡೀ ಎರಕ ಪೆಡಸಾಗಿ ಸುತ್ತಿಗೆ ಏಟಿಗೆ ಬಿರುಕು ಬಿಡುತ್ತದೆ. ಬೆಳ್ಳಿಯ ಲೇಪವಷ್ಟೇ ಇರುವ ಜರ್ಮನ್ ಸಿಲ್ವರ್ ಚಮಚಗಳು ನೋಡಲು ಬೆಳ್ಳಿಯಂತೆಯೇ ಇರುತ್ತವೆ. ಒರೆಗಲ್ಲಿಗೆ ಉಜ್ಜುವ ಮುನ್ನ ಅರದಿಂದ ಲೇಪ ತೆಗೆದು ನೋಡಬೇಕು. ಸತು ಲೇಪಿಸಿದ ಕಬ್ಬಿಣವನ್ನು ಕಾಸಿದರೆ ಏಳುವ ಬಿಳಿ ಹೊಗೆ ಜ್ವರ ತರಿಸುತ್ತದೆ.

ಗುಂಡಿನ ಕವಚದ ದೀಪ ರೂಪ ಮರುಬಳಕೆಗೆ ಒಳ್ಳೆಯ ಮಾದರಿ. ಕವಚದ ಹಿತ್ತಾಳೆಯಲ್ಲಿ ಸುಮಾರು ಶೇ 70 ತಾಮ್ರ, ಶೇ 30 ಸತು. ಹಾರಿಸಿ ಖಾಲಿಯಾದ, ಸಿಡಿಕೆಯ ಬಿಲ್ಲೆ ತೆಗೆದ ಕವಚವನ್ನೇ ಆರಿಸಿಕೊಳ್ಳಬೇಕು. ಕಾರ್ಖಾನೆಯಲ್ಲಿ ಒತ್ತಿ ಎಳೆದು ಮಾಡಿದ್ದರಿಂದ ಅದರ ಗೋಡೆ ಬಿರುಸಾಗಿರುತ್ತದೆ. ನೇರವಾಗಿ ಬಡಿದರೆ ಸೀಳುತ್ತದೆ. ಮಬ್ಬುಗೆಂಪು ಬರುವವರೆಗೆ ಕಾಸಿ ಮೆದುಗೊಳಿಸಿ, ಉದ್ದಕ್ಕೆ ಗರಗಸ ಹಾಕಿ, ಮರದ ಸುತ್ತಿಗೆಯಿಂದ ಬಿಚ್ಚಿ ತಗಡಾಗಿಸುತ್ತಾರೆ. ಅದು ದೀಪದ ಹಿಂಬದಿಯ ಹಲಗೆಯಾಗುತ್ತದೆ. ಕವಚವನ್ನು ಸೀಳದೆ ಉಬ್ಬುಚಿತ್ತಾರ ಮಾಡಬೇಕಿದ್ದರೆ ಒಳಗೆ ರಾಳ ತುಂಬಿ, ಹೊರಗಿನಿಂದ ಉಳಿ ಹೊಡೆದು, ಕೊನೆಗೆ ಕಾಸಿ ರಾಳ ಇಳಿಸುತ್ತಾರೆ. ಬಡಿದಂತೆಲ್ಲ ಲೋಹ ಮತ್ತೆ ಬಿರುಸಾಗುವುದರಿಂದ ಕಾಸುವುದನ್ನು ಹಲವು ಬಾರಿ ಮಾಡಬೇಕು.

ಬಟ್ಟಲುಗಳನ್ನು ದೀಪಕ್ಕೆ ಕೂಡಿಸಲು ಬಿಳಿಗಾರ ಸವರಿ ಬೆಳ್ಳಿ ಬೆಸುಗೆ ಹಾಕುತ್ತಾರೆ. ತವರ–ಸೀಸದ ಮೆತು ಬೆಸುಗೆ ಸುಲಭ. ಆದರೆ ಅದು 183 ಡಿಗ್ರಿಯ ಸುಮಾರಿಗೇ ಸಡಿಲವಾಗುತ್ತದೆ. ಮೇಣದಬತ್ತಿ ಬುಡದವರೆಗೆ ಉರಿದು ಬಂದಾಗ ಬಟ್ಟಲು ಕಳಚಿ ಬೀಳುವ ಅಗ್ಗದ ದೀಪಗಳ ದೋಷ ಇದೇ. ಉಕ್ಕಿನ ತುಂಡುಗಳಿಗೆ ವಿದ್ಯುತ್ ವೆಲ್ಡಿಂಗ್ ಬಳಕೆಯಲ್ಲಿದೆ. ಎರಕದ ಕೆಲಸಕ್ಕೆ ಮರಳಚ್ಚು ಅಥವಾ ಮೇಣದಚ್ಚು.

ವಸ್ತುಗಳು

ಈ ಕಲೆಯಲ್ಲಿ ಅತಿ ಹೆಚ್ಚು ವೈವಿಧ್ಯ ಇರುವುದು ಹನುಕ್ಕಾ ದೀಪದಲ್ಲಿ. ಎಂಟು ರಾತ್ರಿಗಳಿಗೆ ಎಂಟು ಜ್ವಾಲೆ, ಅವನ್ನು ಹೊತ್ತಿಸಲು ಷಮ್ಮಾಷ್ ಎಂಬ ಒಂಬತ್ತನೆಯದು. ದೇವಾಲಯದ ಏಳು ಕವಲಿನ ಸ್ತಂಭವನ್ನು ಹಾಗೆಯೇ ನಕಲು ಮಾಡುವುದು ತಾಲ್ಮೂದಿನ ಪ್ರಕಾರ ಸಲ್ಲದು. ಎಂಟೂ ಜ್ವಾಲೆಗಳು ಒಂದೇ ಸಾಲಿನಲ್ಲಿ, ರೂಢಿಯಂತೆ ಒಂದೇ ಎತ್ತರದಲ್ಲಿ, ಒಂದಕ್ಕೊಂದು ಕೂಡಿ ಬೆಂಕಿಮೊತ್ತವಾಗದಷ್ಟು ದೂರದಲ್ಲಿರಬೇಕು; ಷಮ್ಮಾಷ್ ಎದ್ದು ಕಾಣುವಂತೆ ಬೇರೆ ಎತ್ತರದಲ್ಲಿರುತ್ತದೆ. ದೀಪ ಕನಿಷ್ಠ ಅರ್ಧ ಗಂಟೆ ಉರಿಯುವಷ್ಟು ಎಣ್ಣೆ ಹಿಡಿಸಬೇಕು. ಇಷ್ಟು ಪಾಲಿಸಿದರೆ ಉಳಿದ ರೂಪ ಕಲಾವಿದನ ಇಚ್ಛೆ. ನಲ್ಲಿ ಜೋಡಣೆಯ ತುಂಡು, ನಟ್ಟು ಬೋಲ್ಟು, ಸ್ಪಾರ್ಕ್ ಪ್ಲಗ್ ಯಾವುದೂ ಆಗಬಹುದು. ಮಣ್ಣಿನ ಹಣತೆ ಒಂದು ರಾತ್ರಿ ಉರಿದರೆ ಹಳತಾಗುತ್ತದೆ, ಮರುದಿನ ಹೊಸದು ಬೇಕು. ಲೋಹದ್ದಕ್ಕೆ ಆ ತೊಡಕಿಲ್ಲ ಎಂದು 16ನೆಯ ಶತಮಾನದ ಧರ್ಮಸಂಹಿತೆ ಷುಲ್ಹಾನ್ ಆರುಖ್ ಹೇಳುತ್ತದೆ. ಲೋಹದ ದೀಪಕ್ಕೆ ಮೊದಲಿನಿಂದಲೂ ಸಿಕ್ಕ ಮೇಲುಗೈಗೆ ಇದು ಒಂದು ಕಾರಣ.

ಮೆಝುಝಾ ಎಂದರೆ ಬಾಗಿಲಿನ ಬಲ ತೋಳಿಗೆ ಹಚ್ಚುವ ಚರ್ಮಪತ್ರ. ಧರ್ಮೋಪದೇಶಕಾಂಡದ ಎರಡು ಭಾಗಗಳನ್ನು ಅದರಲ್ಲಿ 22 ಸಾಲುಗಳಲ್ಲಿ ಕೈಯಿಂದ ಬರೆದಿರುತ್ತಾರೆ. ಮುಖ್ಯವಾದದ್ದು ಬರಹ, ಸಂಪುಟವಲ್ಲ. ಆದ್ದರಿಂದ ಸಂಪುಟಕ್ಕೆ ಯಾವ ಲೋಹವಾದರೂ ನಡೆಯುತ್ತದೆ: ಖಾಲಿ ತೋಟಾ, ತಾಮ್ರದ ಕೊಳವೆ, ಗಡಿಯಾರದ ಭಾಗಗಳು. ಅಕ್ಷರ ಅಳಿಸಿದೆಯೇ ಎಂದು ಏಳು ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡುವ ನಿಯಮ ಇರುವುದರಿಂದ, ಎರಡೂ ತುದಿ ಬೆಸೆದುಬಿಟ್ಟ ಸಂಪುಟ ಎಷ್ಟೇ ಚೆಂದವಿದ್ದರೂ ಪ್ರಯೋಜನಕ್ಕಿಲ್ಲ. ತುಕ್ಕು ಹಿಡಿಯುವ ಉಕ್ಕು ಚರ್ಮಪತ್ರವನ್ನು ಕೆಡಿಸುತ್ತದೆ.

ಕಿದ್ದುಷ್ ಬಟ್ಟಲು ವಾರದ ವಿಶ್ರಾಂತಿ ದಿನವಾದ ಷಬ್ಬಾತ್ ಮತ್ತು ಹಬ್ಬಗಳಲ್ಲಿ ದ್ರಾಕ್ಷಾರಸದ ಮೇಲೆ ಪ್ರಾರ್ಥಿಸುವಾಗ ಹಿಡಿಯುವಂಥದು. ಅದು ರೆವಿಯಿತ್ ಎಂಬ ಒಂದು ಅಳತೆ ಹಿಡಿಸಬೇಕು. ರಬ್ಬಿ ಹಯೀಮ್ ನಾಏ ಲೆಕ್ಕದಲ್ಲಿ ಅದು 86 ಮಿಲಿಲೀಟರ್, ಹಝೋನ್ ಈಷ್ ಎಂದು ಹೆಸರಾದ ರಬ್ಬಿಯ ಲೆಕ್ಕದಲ್ಲಿ 150. ಬಟ್ಟಲು ಬಿರುಕಿಲ್ಲದೆ ಇಡಿಯಾಗಿರಬೇಕು. ಹುಳಿಯಾದ ದ್ರಾಕ್ಷಾರಸ ತಾಮ್ರ, ಹಿತ್ತಾಳೆಗಳನ್ನು ಕರಗಿಸಿಕೊಳ್ಳುವುದರಿಂದ ಒಳಗೆ ಕಲಾಯಿ ಅಥವಾ ಬೆಳ್ಳಿಯ ಲೇಪ ಅಗತ್ಯ. ಯೆಹೂದಿಯಲ್ಲದವರು ತಯಾರಿಸಿದ ಲೋಹದ ಊಟದ ಪಾತ್ರೆಯನ್ನು ಮಿಕ್ವೆ ಎಂಬ ಶುದ್ಧಿಕೊಳದಲ್ಲಿ ಮುಳುಗಿಸಿ ಬಳಕೆಗೆ ತರುತ್ತಾರೆ. ಈ ನಿಯಮ ಬಟ್ಟಲಿಗೂ ಅನ್ವಯಿಸುತ್ತದೆ.

ತೋರಾ ಓದುವಾಗ ಬೆರಳು ತಾಗಿಸದೆ ಸಾಲು ತೋರಿಸುವ ಕಡ್ಡಿ ಯಾದ್. ಹಳೆ ಬೆಳ್ಳಿ ಚಮಚದ ಹಿಡಿ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬೋಗುಣಿಯ ಭಾಗ ಕತ್ತರಿಸಿ, ಆ ತುದಿಯನ್ನು ತೋರುಬೆರಳಾಗಿ ಅರದಿಂದ ತಿದ್ದಿ, ಇನ್ನೊಂದು ತುದಿಗೆ ಸರಪಣಿ ಹಾಕುತ್ತಾರೆ. ಹವ್‌ದಾಲಾ ವಿಧಿಯ ಸುಗಂಧ ಡಬ್ಬಿ, ದಾನದ ಡಬ್ಬಿ, ಪೆಸಾಖ್ ಹಬ್ಬದ ಸೇದೆರ್ ತಟ್ಟೆ, ಪೂರಿಮ್ ಹಬ್ಬದ ಗಿರಗಟ್ಟೆಗಳಲ್ಲೂ ಗುಜರಿ ಲೋಹ ಬಳಕೆಯಾಗುತ್ತದೆ. ಮದುವೆಯಲ್ಲಿ ವರ ತುಳಿದು ಒಡೆದ ಗಾಜಿನ ಚೂರುಗಳನ್ನು ಲೋಹದ ಚೌಕಟ್ಟಿನಲ್ಲಿ ಕೂಡಿಸಿಕೊಡುವ ಪದ್ಧತಿ ಅಮೆರಿಕದಲ್ಲಿ ಜನಪ್ರಿಯ.

ಇಂದಿನ ಸ್ಥಿತಿ

20ನೆಯ ಶತಮಾನದ ಕೊನೆಯ ದಶಕಗಳಿಂದ ಪರಿಸರ ಚಿಂತನೆ ಈ ಕಲೆಗೆ ಹೊಸ ಸಮರ್ಥನೆ ಒದಗಿಸಿತು. ಫಲಕೊಡುವ ಮರಗಳನ್ನು ಯುದ್ಧದಲ್ಲೂ ಕಡಿಯಬಾರದೆಂಬ ಧರ್ಮೋಪದೇಶಕಾಂಡದ ಆಜ್ಞೆಯಿಂದ ಬೆಳೆದ ಬಾಲ್ ತಷ್‌ಹೀತ್ ನಿಯಮವನ್ನು 12ನೆಯ ಶತಮಾನದ ಧರ್ಮಪಂಡಿತ ಮೈಮೊನಿಡೀಸ್ ಪಾತ್ರೆ ಒಡೆಯುವುದಕ್ಕೂ ಬಟ್ಟೆ ಹರಿಯುವುದಕ್ಕೂ ಅನ್ವಯಿಸಿದ್ದ. ವ್ಯರ್ಥ ಮಾಡಬಾರದು ಎಂಬ ಆ ನಿಯಮವನ್ನೇ ಇಂದಿನ ಕಲಾವಿದರು ಉದಾಹರಿಸುತ್ತಾರೆ. ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯುವ ಬದಲು ಗುಜರಿಯಿಂದ ಕರಗಿಸಿದರೆ ಸುಮಾರು ಶೇ 95 ಶಕ್ತಿ ಉಳಿಯುತ್ತದೆ ಎಂಬುದು ನಿಜ. ಆದರೆ ಕೈಕೆಲಸದ ದೀಪವೊಂದರಲ್ಲಿ ಇರುವ ಲೋಹ ಅತ್ಯಲ್ಪ; ಅದರ ಪರಿಸರ ಮಹತ್ವ ಲೆಕ್ಕದ್ದಲ್ಲ, ಸಂಕೇತದ್ದು.

ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂ 2009ರಲ್ಲಿ ಏರ್ಪಡಿಸಿದ ‘ರೀಇನ್ವೆಂಟಿಂಗ್ ರಿಚುಅಲ್’ ಪ್ರದರ್ಶನ ವಿಧಿಸಾಮಗ್ರಿಯನ್ನು ಸಮಕಾಲೀನ ವಿನ್ಯಾಸವಾಗಿ ನೋಡುವ ಒಲವನ್ನು ಎತ್ತಿ ತೋರಿತು. ಗಾಝಾ ಗಡಿಯ ಹತ್ತಿರದ ಯಾತೆಡ್‌ನ ಕಮ್ಮಾರ ಯಾರೋನ್ ಬೋಬ್ ಅಲ್ಲಿ ಬಿದ್ದ ಕಸ್ಸಾಂ ರಾಕೆಟ್‌ಗಳ ಉಕ್ಕಿನಿಂದ ಗುಲಾಬಿಗಳನ್ನೂ ಹನುಕ್ಕಾ ದೀಪಗಳನ್ನೂ ಮಾಡಿ ಹೆಸರಾದರು. ಅಮೆರಿಕದಲ್ಲಿ ನಿಷ್ಕ್ರಿಯಗೊಳಿಸಿದ ಕ್ಷಿಪಣಿ ನೆಲೆಗಳ ತಾಮ್ರದ ಕೇಬಲ್ ಕರಗಿಸಿದ ಕಂಚಿನಿಂದಲೂ ದೀಪಗಳು ತಯಾರಾಗಿವೆ. ಇವು ಯೆಶಾಯನ ಮಾತನ್ನು ಅಕ್ಷರಶಃ ತೆಗೆದುಕೊಂಡ ಕೃತಿಗಳು. ಯುದ್ಧಲೋಹವಾದ್ದರಿಂದ ಇವುಗಳಿಗೆ ರಾಜಕೀಯ ಅರ್ಥವೂ ಅಂಟಿಕೊಂಡೇ ಬರುತ್ತದೆ.

2014ರಲ್ಲಿ ವಾರ್ಸಾದಲ್ಲಿ ಶುರುವಾದ ಮಿ ಪೊಲಿನ್ ಕಾರ್ಯಾಗಾರದ ಕಂಚಿನ ಮೆಝುಝಾಗಳನ್ನು ಮರುಬಳಕೆ ಲೋಹದ ಗುಂಪಿಗೆ ಸೇರಿಸುವುದು ಸರಿಯಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಯೆಹೂದಿ ಮನೆಗಳ ಬಾಗಿಲ ತೋಳುಗಳಲ್ಲಿ ಉಳಿದ ಖಾಲಿ ಕುಳಿಯ ಅಚ್ಚು ತೆಗೆದು ಅವನ್ನು ಎರಕ ಹೊಯ್ಯುತ್ತಾರೆ. ಅಲ್ಲಿ ಮರುಬಳಕೆಯಾಗುವುದು ಜಾಗದ ಗುರುತು, ಲೋಹವಲ್ಲ. ಇನ್ನೊಂದು ತುದಿಯಲ್ಲಿ, ಕಾರ್ಖಾನೆಯ ಹೊಸ ನಟ್ಟು ಬೋಲ್ಟುಗಳನ್ನೇ ಬೆಸೆದು ಗುಜರಿಯ ಸೋಗು ಹಾಕಿಸಿದ ದೀಪಗಳೂ ಮಾರುಕಟ್ಟೆಯಲ್ಲಿವೆ. ಸವೆತದ ಗುರುತು, ಹಳೆ ರಂಧ್ರ, ಅಳಿಸಿದ ಬಣ್ಣ ಇವುಗಳಿಂದ ನಿಜವಾದದ್ದನ್ನು ಗುರುತಿಸಬಹುದು.

ಸಂಗ್ರಹ ಮತ್ತು ರಕ್ಷಣೆ

ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿ ಸಾವಿರದ ಸುಮಾರು ಹನುಕ್ಕಾ ದೀಪಗಳಿವೆ. ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂನ ಜುಡೈಕಾ ಸಂಗ್ರಹವೂ ದೊಡ್ಡದು. ಮರುಬಳಕೆಯ ವಸ್ತುಗಳನ್ನು ಕಾಪಾಡುವುದು ಒಂದೇ ಲೋಹದ ವಸ್ತುವನ್ನು ಕಾಪಾಡುವುದಕ್ಕಿಂತ ಕಷ್ಟ. ತಾಮ್ರಕ್ಕೆ ಉಕ್ಕು ಅಥವಾ ಅಲ್ಯೂಮಿನಿಯಂ ತಾಗಿಕೊಂಡಿದ್ದರೆ, ತೇವ ಸೋಕಿದಾಗ ಎರಡರ ನಡುವೆ ವಿದ್ಯುತ್ ಹರಿದು ತಾಮ್ರವಲ್ಲದ್ದು ಬೇಗ ತಿನ್ನಿಸಿಕೊಳ್ಳುತ್ತದೆ. ಉರಿದ ಮೇಣವನ್ನು ಕೆರೆದು ತೆಗೆಯದೆ ಬಿಸಿನೀರಿನಲ್ಲಿ ಇಳಿಸಿ, ಒಡನೆ ಒರೆಸಿ ಒಣಗಿಸಬೇಕು.

ಒಪ್ಪ ಹಾಕುವಾಗ ಹಿಂದಿನ ಬಳಕೆಯ ಗುರುತು ಅಳಿಸಿಹೋಗದಂತೆ ನೋಡಿಕೊಳ್ಳುತ್ತಾರೆ. ಚಮಚದ ಹಿಡಿಯ ಮೇಲಿನ ಬೆಳ್ಳಿ ಮುದ್ರೆ, ಆಸ್ಟ್ರಿಯಾದ ತೆರಿಗೆ ಮುದ್ರೆ, ಗುಂಡಿನ ಕವಚದ ಬುಡದಲ್ಲಿ ಒತ್ತಿದ ಕಾರ್ಖಾನೆಯ ಗುರುತು ಮತ್ತು ಇಸವಿ, ಎಷ್ಟೋ ವಸ್ತುಗಳ ಕಾಲ ನಿರ್ಣಯಕ್ಕೆ ಇವೇ ಏಕೈಕ ಆಧಾರ. ಆದರೆ ಕವಚದ ಬುಡದ ಇಸವಿಗಿಂತ ಮೊದಲು ದೀಪ ತಯಾರಾಗಿರಲಾರದು ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ಆಮೇಲೆ ಎಷ್ಟು ವರ್ಷಕ್ಕೆ ಅದು ದೀಪವಾಯಿತು ಎಂಬುದನ್ನು ಕೊರೆದ ಬರಹ, ಬೆಸುಗೆಯ ಬಗೆ ಮತ್ತು ಮನೆತನದ ದಾಖಲೆಗಳಿಂದ ನಿರ್ಧರಿಸಬೇಕಾಗುತ್ತದೆ.